ಕಣ್ಣು ತೆರೆದಿದ್ದವನು

ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚುವುದಿಲ್ಲ. ಚಿಕ್ಕಂದಿನಿಂದಲೂ ಇಲ್ಲ. ಚರ್ಚಿನಲ್ಲಿ ಎಲ್ಲರೂ ತಲೆ ಬಾಗಿಸಿದಾಗ ಯಾರು ಆಕಳಿಸುತ್ತಾರೆ, ಯಾರು ಕೆನ್ನೆ ಕೆರೆದುಕೊಳ್ಳುತ್ತಾರೆ ಎಂದು ನೋಡುತ್ತಿದ್ದೆ. ಆಮೇಲೆ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದೆ, ಪಿಎಚ್.ಡಿ.ಗೆ ಸೇರಿ ಅರ್ಧಕ್ಕೆ ಬಿಟ್ಟೆ, ಮೂರು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾದೆ. ಚರ್ಚಿಗೆ ಹೋಗುವುದು ನಿಂತಿತು. ಕಣ್ಣು ತೆರೆದಿಡುವ ಅಭ್ಯಾಸ ಮಾತ್ರ ಉಳಿಯಿತು. ಅದರಿಂದಾಗಿಯೇ ಅಪ್ಪನ ಕೊನೆಯ ದಿನಗಳ ಒಂದು ಗಳಿಗೆಗೆ ನಾನೊಬ್ಬನೇ ಸಾಕ್ಷಿಯಾದೆ.

ಅಮ್ಮ ಟಿ. ನರಸೀಪುರದ ಕ್ರೈಸ್ತ ಮನೆಯ ಮಗಳು. ಅಪ್ಪ ಮೂಗೂರಿನ ಒಕ್ಕಲು ಮನೆಯವರು. ನಂಜನಗೂಡಿನಲ್ಲಿ ನೀರಗಂಟಿಯಾಗಿದ್ದರು, ನಾಲೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ. ಇಬ್ಬರೂ ಮೆಚ್ಚಿ ಮದುವೆಯಾದರು. ಮದುವೆಗೆ ಮುಂಚೆ ಒಂದು ಮಾತಾಗಿತ್ತಂತೆ: ಅವಳು ಚರ್ಚಿಗೆ ಹೋಗಬಹುದು, ಅಪ್ಪನನ್ನು ಒಳಗೆ ಬನ್ನಿ ಎಂದು ಕರೆಯಬಾರದು. ಅಮ್ಮ ಆ ಮಾತು ಮೀರಲಿಲ್ಲ. ಗಂಡನನ್ನು ಯಾವತ್ತೂ ಕೇಳಲಿಲ್ಲ. ದೇವರನ್ನು ಮಾತ್ರ ದಿನಾ ಬೆಳಿಗ್ಗೆ ಕೇಳಿದಳು.

ಭಾನುವಾರ ಅಪ್ಪನೇ ಟಿವಿಎಸ್‌ನಲ್ಲಿ ಅವಳನ್ನು ನರಸೀಪುರದ ಚರ್ಚಿಗೆ ಕರೆದೊಯ್ಯುತ್ತಿದ್ದರು. ಆರಾಧನೆ ಮುಗಿಯುವವರೆಗೆ ಎದುರಿನ ಟೀ ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದರು. ಬರುವಾಗ ದಾರಿಯಲ್ಲಿ ಹದಿನಾರು ಎಂಬ ಊರಿನಲ್ಲಿ ನಿಲ್ಲಿಸಿ ನನಗೆ ಬನ್ನು ಕೊಡಿಸುತ್ತಿದ್ದರು ಎಂದು ನನ್ನ ನೆನಪು. ಹದಿನಾರಿನಲ್ಲಿ ಒಂದು ದಿನವೂ ಗಾಡಿ ನಿಲ್ಲಿಸಿಲ್ಲ ಎನ್ನುತ್ತಾಳೆ ಅಮ್ಮ. ಬನ್ನಿನ ಮೇಲಿದ್ದ ಸಕ್ಕರೆ ಈಗಲೂ ನನ್ನ ನಾಲಿಗೆಗೆ ಗೊತ್ತು. ಆದರೂ ಅವಳ ಮಾತೇ ನಿಜವಿರಬಹುದು.

ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಅಪ್ಪ ಅಂದದ್ದು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

"ನಿನ್ ದ್ಯಾವ್ರೂ ನಮ್ ಇಲಾಖೆ ತರಾನೇ ಕಣೇ. ಸರದಿ ಬರೋಗಂಟ ಒಂದ್ ತೊಟ್ಟೂ ಬಿಡಾಕಿಲ್ಲ."

"ಬರ್ಲಿ ಬಿಡಿ. ಬಂದಾಗ ತೂಬು ತೆಗೆಯೋರು ನೀವೇ ಅಲ್ವಾ?"

"ನಾನ್ ರಿಟೈರ್ ಆಗೋಗಿರ್ತೀನಿ, ಓಗು."

ರಿಟೈರ್ ಆದರು. ಕಳೆದ ವರ್ಷ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. ಮೈಸೂರಿನ ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಕಾಲೇಜಿಗೆ ರಜೆ ಹಾಕಿ ಬಂದೆ. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು. ನನಗೆ ದುಃಖವಾಗಬೇಕಿತ್ತು. ಕೆಲಸ ಮಾಡುತ್ತಿದ್ದೆ, ಅಷ್ಟೆ.

ಒಂದು ಮಧ್ಯಾಹ್ನ ಅಮ್ಮನ ಚರ್ಚಿನ ಪಾಸ್ಟರ್ ಬಂದರು. ಮಂಚದ ಕಾಲದೆಸೆಯಲ್ಲಿ ನಿಂತು ಪ್ರಾರ್ಥನೆ ಶುರುಮಾಡಿದರು. ಅಮ್ಮ ಚಾಪೆಯ ಮೇಲೆ ಕೂತು ಸೆರಗನ್ನು ಮುಖದವರೆಗೆ ಎಳೆದುಕೊಂಡಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಪ್ರಾರ್ಥನೆಯ ನಡುವೆ, ಕಣ್ಣು ತೆರೆಯದೆಯೇ, ಪಾಸ್ಟರ್ ಕೇಳಿದರು: "ಯಜಮಾನ್ರೇ, ಮಾತಾಡೋದು ಬೇಡ. ಕರ್ತನನ್ನ ಒಪ್ಕೊಳ್ಳೋದಾದ್ರೆ ತಲೆ ಆಡ್ಸಿ, ಸಾಕು. ಆತ ನೋಡ್ತಾನೆ." ಆಮೇಲೆ ಕಣ್ಣು ಮುಚ್ಚಿಕೊಂಡೇ ಪ್ರಾರ್ಥನೆ ಮುಂದುವರಿಸಿದರು. ಆಮೆನ್ ಎಂದು ಕಣ್ಣು ತೆರೆಯುವಾಗ ಅಪ್ಪನಿಗೆ ನಿದ್ದೆ ಹತ್ತಿತ್ತು.

ಯಾರೂ ನನ್ನ ಕಡೆ ನೋಡಲಿಲ್ಲ. "ನಾಳಿದ್ದು ಇನ್ನೊಂದ್ಸಲ ಬರ್ತೀನಿ ಅಮ್ಮಾ," ಎಂದರು ಪಾಸ್ಟರ್. "ಅವಸರ ಮಾಡೋದು ಬೇಡ. ದೇವರ ಸಮಯ ಅಂತ ಒಂದಿದೆ."

ಅಪ್ಪ ಮಾರನೇ ದಿನ ತೀರಿಕೊಂಡರು.

ಚಿಕ್ಕಪ್ಪಂದಿರು ಮೂಗೂರಿಗೆ ಒಯ್ದು ತಮ್ಮ ಪದ್ಧತಿಯಂತೆ ಮಣ್ಣು ಮಾಡಿದರು. ಅಮ್ಮ ಬೇಡ ಅನ್ನಲಿಲ್ಲ. ಹಾಗೆ ಅನ್ನಲು ಅವಳ ಬಳಿ ಆಧಾರವೇನೂ ಇರಲಿಲ್ಲ. ನಾನು ಹೇಳಿದಲ್ಲಿ ನಿಂತೆ, ಹಿಡಿ ಎಂದದ್ದನ್ನು ಹಿಡಿದೆ. ಕಣ್ಣಲ್ಲಿ ನೀರು ಬರಲಿಲ್ಲ.

ತಿಥಿ ಮುಗಿಸಿ ನಂಜನಗೂಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು.

"ಅವತ್ತು ನೀನು ಕಣ್ ಮುಚ್ಚಿರ್ಲಿಲ್ಲ ಅಲ್ವಾ?" ಎಂದಳು ಅಮ್ಮ.

"ಇಲ್ಲ."

"ನಂಗೊತ್ತು. ಚಿಕ್ಕೋನಿದ್ದಾಗ್ಲೂ ಮುಚ್ತಿರ್ಲಿಲ್ಲ. ಸೆರಗಿನ ಸಂದೀಲಿ ನೋಡ್ತಿದ್ದೆ."

"ಹಂಗಾದ್ರೆ ನೀನೂ ಮುಚ್ತಿರ್ಲಿಲ್ಲ."

ಅವಳು ನಗಲಿಲ್ಲ. "ಅವತ್ತು ಮುಚ್ಚಿದ್ದೆ ಕಣೋ. ಇಷ್ಟು ವರ್ಷ ಕಾದು, ಆ ಒಂದ್ ಗಳಿಗೇಲಿ ಮುಚ್ಕೊಂಡಿದ್ದೆ. ನಿಮ್ಮಪ್ಪ ತಲೆ ಆಡ್ಸಿದ್ರಾ? ನಂಗೆ ಬೇಕಾಗಿದ್ದು ಹೇಳ್ಬೇಡ. ನೋಡಿದ್ದು ಹೇಳು."

ನೋಡಿದ್ದೇನು? ಅಪ್ಪನ ತಲೆ ಅಲುಗಿತ್ತು. ಆದರೆ ಲಕ್ವ ಹೊಡೆದ ಮೇಲೆ ದಿನಕ್ಕೆ ಹತ್ತಾರು ಸಲ ಅದು ತಾನಾಗಿಯೇ ಒಂದು ಕಡೆಗೆ ವಾಲುತ್ತಿತ್ತು. ತುಟಿಯ ಬಳಿ ನೊಣವೂ ಇತ್ತು. ಅಲುಗಿದ್ದು ಪಾಸ್ಟರ್ ಕೇಳುವ ಮುಂಚೆಯೋ ಆಮೇಲೋ, ಅದೂ ಖಚಿತವಿರಲಿಲ್ಲ. ಹೌದು ಎಂದುಬಿಡಬಹುದಿತ್ತು. ಅವಳು ಕೇಳಿದ ರೀತಿಯಿಂದಾಗಿ ಅದು ನನ್ನಿಂದಾಗಲಿಲ್ಲ.

"ಅಲ್ಲಾಡ್ತಮ್ಮಾ. ಯಾಕೆ ಅಲ್ಲಾಡ್ತು ಅಂತ ನಂಗೆ ಗೊತ್ತಿಲ್ಲ."

ಅಮ್ಮ ಇನ್ನೂ ನಾಲ್ಕೈದು ಕಾಯಿ ಸುಲಿದಳು. "ಹೂಂ ಅಂದಿದ್ರೆ ನಾನು ನಂಬ್ತಿರ್ಲಿಲ್ಲ," ಎಂದಳು. "ಆಯ್ತು. ಗೊತ್ತಾಗೋ ಹೊತ್ತಿಗೆ ಗೊತ್ತಾಗ್ಲಿ." ಸಿಪ್ಪೆ ಬಾಚಿಕೊಂಡು ಎದ್ದಳು. ಕೋಪವಿತ್ತೇ, ಅವಳ ಬೆನ್ನು ನೋಡಿ ಹೇಳಲಾಗಲಿಲ್ಲ.

ಎಂಟು ತಿಂಗಳಾಯಿತು. ಅವಳು ಮತ್ತೆ ಕೇಳಿಲ್ಲ. ನಾನು ಮಾತ್ರ ಆ ಮಧ್ಯಾಹ್ನವನ್ನು ದಿನಾ ನೋಡುತ್ತೇನೆ, ಬಸ್ಸಿನಲ್ಲಿ, ಪಾಠದ ನಡುವೆ. ಮೊದಮೊದಲು ಮಸುಕಾಗಿತ್ತು. ಈಗ ಪಾಸ್ಟರ್ ಕೇಳುತ್ತಾರೆ, ಅಪ್ಪ ಅಮ್ಮನ ಕಡೆ ಒಮ್ಮೆ ನೋಡುತ್ತಾರೆ, ಗಲ್ಲ ಎದೆಗೆ ತಾಗುವಷ್ಟು ಕೆಳಗಿಳಿಯುತ್ತದೆ. ನೊಣವಿಲ್ಲ. ನೆನಪನ್ನು ಹೊರತೆಗೆದಷ್ಟೂ ಅದು ತಿದ್ದಿಸಿಕೊಳ್ಳುತ್ತದೆ ಎಂದು ಹುಡುಗರಿಗೆ ಪಾಠ ಹೇಳುವವನು ನಾನೇ. ಈ ತಲೆಯಾಟ ಅಪ್ಪನದೋ, ನಾನೇ ದಿನಕ್ಕಿಷ್ಟು ಎಂದು ಮಾಡಿಕೊಂಡದ್ದೋ ತಿಳಿಯದು. ಹಾಗಾಗಿ ಅಮ್ಮನಿಗೆ ಇನ್ನೂ ಹೇಳಿಲ್ಲ.