ದಾಕ್ಷಾಯಿಣಿಯ ಕೈಗೆ ಬಂದ ಉಪ್ಪು

ಮಧ್ಯಾಹ್ನದ ಗಂಟೆ ಹೊಡೆಯಿತೆಂದರೆ ಆ ಊರಿನ ಶಾಲೆಯ ಮಕ್ಕಳೆಲ್ಲ ಬಲಕ್ಕೆ ತಿರುಗುತ್ತಾರೆ. ಬಲಕ್ಕೆ ಅಡುಗೆ ಕೋಣೆ, ಅದರ ಮುಂದೆ ನಲ್ಲಿ, ನಲ್ಲಿಯ ಪಕ್ಕದಲ್ಲಿ ತಟ್ಟೆಗಳ ರಾಶಿ. ಒಬ್ಬಳು ಮಾತ್ರ ಎಡಕ್ಕೆ ತಿರುಗಿ, ಗೇಟು ದಾಟಿ, ಮನೆಯ ಕಡೆ ಓಟ ಕೀಳುತ್ತಾಳೆ. ಅವಳು ನಾಲ್ಕನೇ ತರಗತಿಯ ಜ್ಯೋತಿ. ಇದೇನು ದೊಡ್ಡ ಸುದ್ದಿ, ಹಿಂದೆ ಮಕ್ಕಳೆಲ್ಲ ಮನೆಗೇ ಉಣ್ಣಲು ಹೋಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸುದ್ದಿ ಇರುವುದು ಬೇರೆ ಕಡೆ. ಆ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳ ಹೆಸರು ದಾಕ್ಷಾಯಿಣಿ, ಮತ್ತು ಈ ಜ್ಯೋತಿ ಅವಳ ಒಬ್ಬಳೇ ಮಗಳು.

ಕಟಿಂಗ್ ಅಂಗಡಿಯವನ ಮಗ ಪಕ್ಕದ ಊರಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದರೆ ಊರು ಸುಮ್ಮನಿರುತ್ತದೆಯೇ? ಶಿರಸಿಯಿಂದ ಬನವಾಸಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುವುದೇ ಗಳಿಗೆ ಹೊತ್ತು, ಅಷ್ಟರಲ್ಲೇ ಕಂಡಕ್ಟರನಿಗೂ ವಿಷಯ ಗೊತ್ತಾಗಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಮನೋಹರ ಹಾಲಿನ ಡೇರಿಯ ಮುಂದೆ ದಾಕ್ಷಾಯಿಣಿಯನ್ನು ಕಂಡಾಗಲೆಲ್ಲ ಕಿಚಾಯಿಸುತ್ತಿದ್ದ.

"ಅಕ್ಕಾ, ನಿನ್ನ ಸಾರು ನಿನ್ನ ಮಗಳಿಗೇ ಸೇರವಲ್ದು. ನಮ್ಮ ಹುಡುಗ್ರು ಏನ್ ಪಾಪ ಮಾಡ್ಯಾರ?"

ಮೊದಮೊದಲು ಅವಳೂ ನಗುತ್ತಿದ್ದಳು. ಒಂದು ದಿನ ಅವನು ನಗದೆಯೇ ಮಾತಾಡಿದ. "ಬರೂ ಮೀಟಿಂಗಿನ್ಯಾಗ ಈ ಮಾತು ತಗೀಬೇಕಾಗತೈತಿ, ಅಕ್ಕಾ. ಮಂದಿ ಕೇಳಾಕ ಹತ್ಯಾರ. ಅಡಿಗಿ ಬದಲಾಗಬೇಕೋ, ಅಡಿಗಿಯವರು ಬದಲಾಗಬೇಕೋ, ಎರಡರಾಗ ಒಂದು ತೀರ್ಮಾನ ಆಗ್ಲಿ ಅಂತಾರ."

ಅವತ್ತು ದಾಕ್ಷಾಯಿಣಿಯೂ ನಗಲಿಲ್ಲ. ಬೇರೆ ಏನನ್ನು ಬಿಡು ಎಂದರೂ ಅವಳು ಬಿಟ್ಟಾಳು, ಆ ಅಡುಗೆ ಕೋಣೆಯನ್ನು ಮಾತ್ರ ಬಿಡಲಾರಳು. ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಅವಳ ತವರು ಬನವಾಸಿಯ ಆಚೆಗಿನ ಒಂದು ಹಳ್ಳಿ. ಅವಳು ಶಾಲೆಗೆ ಹೋಗುವ ಕಾಲಕ್ಕೆ ಬಿಸಿಯೂಟ ಎಂಬ ಹೆಸರೇ ಇರಲಿಲ್ಲ. ಗಂಟೆ ಹೊಡೆದ ಕೂಡಲೇ ಎಲ್ಲರೂ ಮನೆಯ ದಾರಿ ಹಿಡಿಯುತ್ತಿದ್ದರು. ಅವಳ ಅವ್ವ ಹೊಲದಲ್ಲಿರುತ್ತಿದ್ದಳು. ಗೋಡೆಯ ಗೂಡಿನಿಂದ ಬೀಗದ ಕೈ ತೆಗೆದು, ಬಾಗಿಲು ತೆರೆದು, ಸೂರಿನಿಂದ ಇಳಿಬಿಟ್ಟ ನೆಲುವಿನಲ್ಲಿಟ್ಟ ಬುಟ್ಟಿಗೆ ಸ್ಟೂಲು ಹತ್ತಿ ಕೈಹಾಕಿ, ತಣ್ಣಗಿನ ರೊಟ್ಟಿಯನ್ನು ಹೊಸ್ತಿಲ ಮೇಲೆ ಕೂತು ತಿಂದು, ನೀರು ಕುಡಿದು ಮತ್ತೆ ಓಡಬೇಕು. ಒಂದು ದಿನ ಬೆಕ್ಕು ಅವಳಿಗಿಂತ ಮೊದಲೇ ಊಟ ಮುಗಿಸಿತ್ತು. ಅವತ್ತು ಮಧ್ಯಾಹ್ನ ಮಾಸ್ತರರು ಹೇಳಿಕೊಟ್ಟ ಭಾಗಾಕಾರ ಅವಳ ತಲೆಗೆ ಹತ್ತಲಿಲ್ಲ, ಇವತ್ತಿಗೂ ಹತ್ತಿಲ್ಲ. ಇನ್ನು ಕೆಲವರ ಮನೆಯಲ್ಲಿ ಬಿಸಿ ಅನ್ನ, ಬಡಿಸುವ ಅಜ್ಜಿ, ಉಂಡ ಮೇಲೆ ಹಾಸಿದ ಚಾಪೆ. ಅಂಥವರು ಉಣ್ಣಲು ಹೋದರೆ ಹೋದರೇ, ತಿರುಗಿ ಬರುವುದು ಮರುದಿನ ಬೆಳಿಗ್ಗೆ. ಮಧ್ಯಾಹ್ನದ ಮೇಲೆ ಕ್ಲಾಸು ಅರ್ಧ ಖಾಲಿ, ಉಳಿದವರಿಗೆ ಮಗ್ಗಿ ಹೇಳಿಸುತ್ತ ಮಾಸ್ತರರೂ ತೂಕಡಿಸುತ್ತಿದ್ದರು. ಆದ್ದರಿಂದ ಈಗ ಮಕ್ಕಳೆಲ್ಲ ಸಾಲಾಗಿ ಕೂತು ಹಬೆಯಾಡುವ ಅನ್ನಕ್ಕೆ ಕೈಹಾಕುವುದನ್ನು ಕಂಡರೆ ಅವಳಿಗೆ ನಿಜಕ್ಕೂ ಸಂತೋಷ. ಯಾರೂ ಸ್ಟೂಲು ಹತ್ತಬೇಕಾಗಿಲ್ಲ, ಬೆಕ್ಕಿನ ಜೊತೆ ಪೈಪೋಟಿಯಿಲ್ಲ.

ಇದು ಒಂದು ಕಾರಣ. ಇನ್ನೊಂದು ಕಾರಣ ಉಪ್ಪು.

ದಾಕ್ಷಾಯಿಣಿ ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಗಿರಿಜವ್ವನದೇ ಕಾರುಬಾರು. ಕೆಟ್ಟವಳೇನಲ್ಲ. ಸೊಸೆ ತರಕಾರಿ ಹೆಚ್ಚಬಹುದು, ಬೇಳೆ ಬೇಯಿಸಬಹುದು, ಒಗ್ಗರಣೆಯನ್ನೂ ಹಾಕಬಹುದು. ಉಪ್ಪು ಮಾತ್ರ ಗಿರಿಜವ್ವನ ಕೈಯಿಂದಲೇ ಬೀಳಬೇಕು. ಸಾರು ಕುದಿಯುತ್ತಿದ್ದಂತೆ ದಾಕ್ಷಾಯಿಣಿ ಒಲೆಯ ಮುಂದಿನಿಂದ "ಅತ್ತೀ, ಉಪ್ಪು" ಎಂದು ಕೂಗಬೇಕು. ಗಿರಿಜವ್ವ ಪಡಸಾಲೆಯಿಂದ ಎದ್ದು, ಸೆರಗು ಸರಿಮಾಡಿಕೊಳ್ಳುತ್ತ ಬಂದು, ಪಾತ್ರೆಯೊಳಗೆ ಇಣುಕಿ, ಉಪ್ಪು ಹಾಕಿ, "ಹೂಂ" ಎಂದು ಹೋಗಬೇಕು. ಬ್ಯಾಂಕಿನ ಮ್ಯಾನೇಜರನ ಸಹಿ ಇದ್ದ ಹಾಗೆ, ಅದು ಬೀಳದೆ ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಗಂಡ ಬಸವರಾಜ ಬನವಾಸಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದವನು, ಬೆಳಿಗ್ಗೆಯೇ ರೊಟ್ಟಿ ಕಟ್ಟಿಸಿಕೊಂಡು ಹೊರಟರೆ ಸಂಜೆಗೇ ಬರುವವನು. ಅತ್ತೆ ಸೊಸೆಯರ ಉಪ್ಪಿನ ರಾಜಕಾರಣಕ್ಕೆ ಅವನು ತಲೆ ಹಾಕಿದವನೇ ಅಲ್ಲ.

ಹೀಗಾಗಿ ಶಾಲೆಯಲ್ಲಿ ಅಡುಗೆಯವರು ಬೇಕೆಂಬ ಸುದ್ದಿ ಬಂದಾಗ ದಾಕ್ಷಾಯಿಣಿ ಎಲ್ಲರಿಗಿಂತ ಮುಂದೆ ನಿಂತಳು. ಮೊದಲ ದಿನ ಅಷ್ಟು ದೊಡ್ಡ ಬೋಗುಣಿಯ ಸಾರಿಗೆ ತನ್ನ ಕೈಯಾರೆ ಉಪ್ಪು ಸುರಿದಾಗ ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು. ಈರುಳ್ಳಿ ಖಾರ ಎಂದು ಸಹಾಯಕಿ ಪರಿಮಳಾಗೆ ಹೇಳಿದಳು. ಅವತ್ತು ಉಪ್ಪು ತುಸು ಹೆಚ್ಚೇ ಆಗಿತ್ತು, ಆದರೆ "ಹೂಂ" ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಜ್ಯೋತಿ ಒಂದನೇ ತರಗತಿಯಿಂದ ಎಲ್ಲರ ಜೊತೆ ಕೂತು ಉಣ್ಣುತ್ತಿದ್ದವಳೇ. ಈ ವರ್ಷ ಬೇಸಿಗೆ ರಜೆ ಮುಗಿದ ಮೇಲೆ ಯಾವ ಗಾಳಿ ಬೀಸಿತೋ, ಮನೆಯ ಕಡೆ ಓಡತೊಡಗಿದಳು.

"ಯಾಕ ಹೊಕ್ಕಿ ಮನಿಗೆ? ನನ್ನ ಸಾರು ಚಲೋ ಇಲ್ಲೇನು?"

"ಚಲೋ ಐತಿ ಬೇ."

"ಮತ್ತ?"

"ಮನ್ಯಾಗ ಉಣಬೇಕು ಅನಸ್ತೈತಿ."

ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಅವಳ ಬಾಯಿಂದ ಹೊರಡಲಿಲ್ಲ. ಗಿರಿಜವ್ವನ ಬಾಯಿಗೆ ಮಾತ್ರ ಬೀಗವಿರಲಿಲ್ಲ. ನೀರಿನ ಟಾಕಿಯ ಹತ್ತಿರ ನಿಂತು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. "ನಮ್ಮ ಜ್ಯೋತಿಗೆ ನನ್ನ ಕೈಯಾಗಿನ ಊಟಾನ ಬೇಕು. ಅವರವ್ವ ಉಪ್ಪು ಹಾಕಿದ್ದು ಆಕಿ ಬಾಯಿಗೆ ಹತ್ತಂಗಿಲ್ಲ."

ಈ ಮಾತು ಕಿವಿಗೆ ಬಿದ್ದದ್ದೇ ದಾಕ್ಷಾಯಿಣಿಗೆ ರೋಗ ಗೊತ್ತಾದಂತಾಯಿತು. ತಪ್ಪಿರುವುದು ತನ್ನ ಉಪ್ಪಿನಲ್ಲೇ! ಮರುದಿನ ಕಡಿಮೆ ಹಾಕಿದಳು, ಜ್ಯೋತಿ ಎಡಕ್ಕೆ ತಿರುಗಿದಳು. ಅದರ ಮರುದಿನ ಹೆಚ್ಚು ಹಾಕಿದಳು, ಜ್ಯೋತಿ ಎಡಕ್ಕೇ ತಿರುಗಿದಳು. ನಡುವೆ ಸಿಕ್ಕಿಬಿದ್ದವರು ಬಲಕ್ಕೆ ತಿರುಗಿದ ಮಕ್ಕಳು, ಅವರಿಗಿಂತ ಮೊದಲು ಮುಖ್ಯ ಮಾಸ್ತರ ಮಧುಕೇಶ್ವರ. ಬಡಿಸುವ ಮೊದಲು ದೊಡ್ಡವರು ಯಾರಾದರೂ ರುಚಿ ನೋಡಬೇಕೆಂಬ ನಿಯಮವಿದೆ, ಆ ಬಲಿಯ ಪೀಠದಲ್ಲಿ ದಿನವೂ ಅವರೇ.

"ದಾಕ್ಷಾಯಿಣಿಯವರ, ನಿನ್ನೆ ನಮ್ಮ ವರದಾ ಹೊಳಿ ಕುಡದಂಗ ಆಗಿತ್ತು. ಇವತ್ತು ಗೋಕರ್ಣದ ಸಮುದ್ರ ಕುಡದಂಗ ಆತು. ನಡುವ ಎಲ್ಲೆರ ಒಂದ್ಕಡೆ ನಿಲ್ರಿ," ಎಂದರು ಅವರು, ನೀರು ಕುಡಿಯುತ್ತ.

ಒಂದು ರವಿವಾರ ಬಟ್ಟೆ ಒಗೆಯುವಾಗ ಜ್ಯೋತಿಯ ಸಮವಸ್ತ್ರದ ಕಿಸೆಯಲ್ಲಿ ಸಣ್ಣದೊಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿ ನಾಲಿಗೆಗೆ ಹಚ್ಚಿ ನೋಡಿದಳು, ಉಪ್ಪು. ಪೇರಲ ಕಾಯಿಗೆ ಹಚ್ಚಿಕೊಳ್ಳಲು ಇಟ್ಟುಕೊಂಡಿರಬೇಕು, ತಾನೂ ಚಿಕ್ಕವಳಿದ್ದಾಗ ಇಡುತ್ತಿದ್ದೆನಲ್ಲ ಎಂದುಕೊಂಡು ಅದನ್ನು ಚೆಲ್ಲಿ ಬಟ್ಟೆ ಕುಕ್ಕಿದಳು.

ಸಮಿತಿಯ ಮೀಟಿಂಗು ನಾಳೆ ಎನ್ನುವ ದಿನ ಅವಳಿಗೆ ತಡೆಯಲಾಗಲಿಲ್ಲ. ಗಂಟೆ ಹೊಡೆಯುತ್ತಿದ್ದಂತೆ ಸೌಟನ್ನು ಪರಿಮಳಾ ಕೈಗೆ ಕೊಟ್ಟು, ಗದ್ದೆಯ ಬದುವಿನ ಮೇಲೆ ಅಡ್ಡದಾರಿ ಹಿಡಿದು, ಮಗಳಿಗಿಂತ ಮೊದಲೇ ಮನೆಯ ಹಿತ್ತಲು ಸೇರಿ, ಅಡುಗೆ ಮನೆಯ ಕಿಟಕಿಯ ಹತ್ತಿರ ಅವಿತು ನಿಂತಳು. ತನ್ನ ಮನೆಯಲ್ಲೇ ಕಳ್ಳಿಯಾದೆನಲ್ಲ ಎಂದು ಅವಳಿಗೇ ನಗು ಬಂತು. ಕೊಟ್ಟಿಗೆಯ ಎಮ್ಮೆ ಮುಸುರೆ ತಂದಳೆಂದು ಎದ್ದು ನಿಂತು ಆಸೆಯಿಂದ ನೋಡುತ್ತಿತ್ತು.

ಒಳಗೆ ಗಿರಿಜವ್ವ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಎದುರಿಗೆ ಅನ್ನ ಸಾರು ಬಡಿಸಿದ ಎರಡು ತಾಟು. ಆದರೆ ಕೈಯಲ್ಲಿದ್ದದ್ದು ಚಹಾ ಲೋಟ, ಅದರಲ್ಲಿ ಅದ್ದುತ್ತಿದ್ದದ್ದು ಟೋಸ್ಟು. ಜ್ಯೋತಿ ಏದುಸಿರು ಬಿಡುತ್ತ ಒಳಗೆ ಬಂದಳು.

"ಬಂದ್ಯಾ? ತಡಾ ಆತಲ್ಲ. ಇವತ್ತು ಬರಂಗಿಲ್ಲೇನೋ ಅಂತ ಟೋಸ್ಟ್ ತಗೊಂಡ್ನಿ."

"ನಾ ಬರಲಾರದ ಹೆಂಗ್ ಇರ್ಲಿ ಅಜ್ಜಿ? ನೀ ಒಬ್ಬಾಕೀನ ಉಣ್ಣಂಗಿಲ್ಲಲ್ಲ."

"ಹೆಂಗ್ ಉಣ್ಲಿ? ನನ್ನ ನಾಕ್ ಮಕ್ಕಳು ಗಂಟಿ ಹೊಡದ ಕೂಡ್ಲೆ ಓಡಿ ಬರತಿದ್ದ ಮನಿ ಇದು. ಯಾರೂ ಬರಲಾರದ ಹೊತ್ತಿನ್ಯಾಗ ತಾಟು ಮುಂದ ಇಟ್ಕೊಂಡ್ರ ತುತ್ತು ಇಳಿಯಂಗಿಲ್ಲ."

"ಅಜ್ಜಿ, ಮಜ್ಜಿಗಿ?"

"ಅಯ್ಯ, ಮರತೇಬಿಟ್ನಿ," ಎನ್ನುತ್ತ ಗಿರಿಜವ್ವ ನೆಲಕ್ಕೆ ಕೈಯೂರಿ ಎದ್ದು ಒಳಕೋಣೆಗೆ ಹೋದಳು. ಅವಳ ಬೆನ್ನು ತಿರುಗಿದ್ದೇ ತಡ, ಜ್ಯೋತಿ ಕಿಸೆಯಿಂದ ಪೊಟ್ಟಣ ತೆಗೆದಳು. ಅಜ್ಜಿಯ ಸಾರಿಗೊಂದು ಚಿಟಿಕೆ, ತನ್ನ ಸಾರಿಗೊಂದು ಚಿಟಿಕೆ. ಬೆರಳಿಂದ ಗಡಬಡಿಸಿ ಕಲಸಿ, ಪೊಟ್ಟಣ ಮಡಚಿ ಒಳಗಿಟ್ಟು, ಏನೂ ತಿಳಿಯದವಳಂತೆ ಕೂತಳು.

ಗಿರಿಜವ್ವ ಬಂದು ಮೊದಲ ತುತ್ತು ಬಾಯಿಗಿಟ್ಟಳು. "ಹೆಂಗಾಗೈತಿ?"

"ಭಾರಿ ಆಗೈತಿ."

"ಉಪ್ಪು?"

"ಬರೋಬ್ಬರಿ ಐತಿ."

"ಮತ್ತ! ಹಾಕಿದಾಕಿ ಯಾರು?" ಎಂದು ಗಿರಿಜವ್ವ ಗಲ್ಲ ಎತ್ತಿದಳು.

ಕಿಟಕಿಯ ಹೊರಗೆ ದಾಕ್ಷಾಯಿಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಗು ತಡೆಯಲೋ ಅಳು ತಡೆಯಲೋ ಅವಳಿಗೇ ಗೊತ್ತಿರಲಿಲ್ಲ.

ಶಾಲೆಗೆ ಮರಳುವ ದಾರಿಯ ತಿರುವಿನಲ್ಲಿ ಅವಳು ಮಗಳನ್ನು ಹಿಡಿದಳು. ಜ್ಯೋತಿ ಮೊದಲು ಬೆದರಿದಳು, ಆಮೇಲೆ ಎಲ್ಲವನ್ನೂ ಹೇಳಿದಳು. ರಜೆಯಲ್ಲಿ ದಾಕ್ಷಾಯಿಣಿ ತವರಿಗೆ ಹೋಗಿದ್ದ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿಗೆ ಉಪ್ಪೇ ಇರಲಿಲ್ಲವಂತೆ. "ಅಜ್ಜಿ, ಉಪ್ಪಿಲ್ಲ" ಎಂದದ್ದಕ್ಕೆ ಗಿರಿಜವ್ವನ ಮುಖ ಸಣ್ಣಗಾಗಿ, ಅವತ್ತು ಸಂಜೆಯವರೆಗೂ ಮಾತಾಡಲಿಲ್ಲವಂತೆ.

"ಅಜ್ಜಿಗೆ ಹೇಳಬ್ಯಾಡ ಬೇ," ಎಂದಳು ಜ್ಯೋತಿ. "ರಾತ್ರಿ ನೀ 'ಅತ್ತೀ, ಉಪ್ಪು' ಅಂತ ಕರೀತಿ, ಆಕಿ ಬಂದು ಹಾಕ್ತಾಳ. ಮಧ್ಯಾಹ್ನ ಆಕೀನ್ನ ಯಾರೂ ಕರಿಯಂಗಿಲ್ಲ. ಅದಕ್ಕ ಮರೀತಾಳ."

ದಾಕ್ಷಾಯಿಣಿ ಮಗಳ ತಲೆ ಸವರಿದಳು. ಅಷ್ಟು ದಿನ ಊರ ಮಕ್ಕಳಿಗೆ ಸಮುದ್ರವನ್ನೂ ಹೊಳೆಯನ್ನೂ ಕುಡಿಸಿದೆನಲ್ಲ, ಮಗಳನ್ನು ಕೂರಿಸಿಕೊಂಡು ಇನ್ನೊಂದು ಮಾತು ಕೇಳಬೇಕೆಂದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಆದರೆ ನಾಳೆಯ ಮೀಟಿಂಗು ನಿಂತಲ್ಲೇ ನಿಂತಿತ್ತು. "ನಮ್ಮತ್ತಿ ಉಪ್ಪು ಹಾಕೂದು ಮರೀತಾಳ, ಒಬ್ಬಾಕೀನ ಉಣ್ಣಂಗಿಲ್ಲ, ಅದಕ್ಕ ಹುಡುಗಿ ಹೊಕ್ಕಾಳ" ಎಂದು ಒಂದು ಮಾತು ಹೇಳಿದರೆ ಮುಗಿಯಿತು, ದಾಕ್ಷಾಯಿಣಿಯ ಹೆಸರು ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಸಂಜೆಗೆ ಅದು ಡೇರಿಗೆ ತಲುಪುತ್ತಿತ್ತು, ಮರುದಿನ ಬಸ್ಸು ಹತ್ತಿ ಬನವಾಸಿಗೆ. ನಿಜ ಹೇಳಬೇಕೆಂದರೆ, ಮದುವೆಯಾದಾಗಿನಿಂದ ಅವಳು ಇಂಥದೊಂದು ಮಾತಿಗೆ ಕಾದಿದ್ದವಳು. ಈಗ ನಾಲಿಗೆಯ ತುದಿಗೆ ಬಂದಿತ್ತು, ಅವಳು ನುಂಗಿಕೊಂಡಳು.

ಸಂಜೆ ಸಾರು ಕುದಿಯುವಾಗ ಎಂದಿನಂತೆ "ಅತ್ತೀ, ಉಪ್ಪು" ಎಂದು ಕೂಗಿದಳು. ಗಿರಿಜವ್ವ ಬಂದು ಉಪ್ಪು ಹಾಕಿ "ಹೂಂ" ಎಂದಳು.

"ನಾಳೆ ಶಾಲಿಗೆ ಬರ್ರಿ ಅತ್ತಿ. ಬಡಸೂಕ್ಕಿಂತ ಮೊದ್ಲ ದೊಡ್ಡವರು ರುಚಿ ನೋಡಬೇಕಂತ ಕಾಯ್ದೆ ಐತಿ. ಮುಖ್ಯ ಮಾಸ್ತರಗ ಉಪ್ಪು ತಿಳಿಯಂಗಿಲ್ಲ." ದಾಕ್ಷಾಯಿಣಿ ಸೌಟಿನಿಂದ ಸಾರನ್ನು ಒಂದು ಸುತ್ತು ತಿರುವಿದಳು. "ನನಗೂ ತಿಳಿವಲ್ದು."

"ನಾ ಹೇಳ್ತಿದ್ನಲ್ಲ! ಅಷ್ಟು ಮಂದಿ ಅಡಿಗಿಗೆ ಉಪ್ಪು ಹಾಕೂದು ಅಂದ್ರ ಆಟ ಅಂತ ತಿಳಿದಿದ್ದೇನು?" ಎಂದಳು ಗಿರಿಜವ್ವ. ಮೊಮ್ಮಗಳ ಕಡೆ ನೋಡಿ, "ದಿನಾ ಬರಬೇಕೇನು?" ಎಂದೂ ಕೇಳಿದಳು.

"ದಿನಾ ಬರ್ರಿ," ಎಂದಳು ದಾಕ್ಷಾಯಿಣಿ. ಅವಳಿಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು. ಇದ್ದ ಒಂದೇ ಒಂದು ರಾಜ್ಯದ ಬೀಗದ ಕೈಯನ್ನು ಅವಳು ಕೊಟ್ಟಿದ್ದು.

ಮರುದಿನ ಗಿರಿಜವ್ವ ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು, ಗಂಟೆಗೆ ಬಹಳ ಮೊದಲೇ ಶಾಲೆಗೆ ಬಂದಳು. ಮಾವಿನ ಮರದ ಕೆಳಗೆ ಸಮಿತಿಯವರು ಕುರ್ಚಿ ಹಾಕಿಕೊಂಡು ಕೂತಿದ್ದರು, ನಡುವೆ ಮನೋಹರ. ದಾಕ್ಷಾಯಿಣಿ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಅತ್ತೀ, ಉಪ್ಪು!"

ಗಿರಿಜವ್ವ ಸೆರಗು ಸರಿಮಾಡಿಕೊಂಡು ಬಂದಳು. ಅಂಗೈ ಮೇಲೆ ಸಾರು ಬಿಡಿಸಿಕೊಂಡು ನೆಕ್ಕಿ ಕಣ್ಣು ಮುಚ್ಚಿದಳು.

"ಸಾಲದು. ಇನ್ನೊಂದ್ ಚೂರು ಹಾಕು."

ಮಧುಕೇಶ್ವರ ಮಾಸ್ತರರು ಅದೇ ತಾನೇ ರುಚಿ ನೋಡಿ, ಇವತ್ತು ಕೊನೆಗೂ ನಡುವೆ ನಿಂತಿತಲ್ಲ ಎಂದು ದೇವರಿಗೆ ಕೈಮುಗಿದಿದ್ದರು. ಅವರು ಬಾಯಿ ತೆರೆದರು, ದಾಕ್ಷಾಯಿಣಿ ಅವರತ್ತ ಕಣ್ಣು ಬಿಟ್ಟಳು, ಅವರು ಬಾಯಿ ಮುಚ್ಚಿದರು. ಅವಳು ಉಪ್ಪಿನ ಡಬ್ಬಿಗೆ ಕೈಹಾಕಿದಳು. ಬೆರಳು ಒಳಗೆ ಹೋದದ್ದು ನಿಜ, ಉಪ್ಪು ಹಿಡಿದದ್ದು ಸುಳ್ಳು. ಬರಿಯ ಬೆರಳುಗಳನ್ನೇ ಬೋಗುಣಿಯ ಮೇಲೆ ಚೆನ್ನಾಗಿ ಉಜ್ಜಿ, ಸೌಟಿನಿಂದ ಎರಡು ಸುತ್ತು ತಿರುವಿ ಮತ್ತೆ ಅತ್ತೆಯ ಅಂಗೈಗೆ ಬಿಟ್ಟಳು.

"ಹೂಂ," ಎಂದಳು ಗಿರಿಜವ್ವ. "ಈಗ ಬಂತು."

ಗಂಟೆ ಹೊಡೆಯಿತು. ಜ್ಯೋತಿ ರೂಢಿಯಂತೆ ಎಡಕ್ಕೆ ನಾಲ್ಕು ಹೆಜ್ಜೆ ಓಡಿದವಳು ಇಳಕಲ್ ಸೀರೆ ಕಂಡು ಗಕ್ಕನೆ ನಿಂತಳು. ಆಮೇಲೆ ಬಲಕ್ಕೆ ಓಡಿ ಬಂದು, ಸಾಲಿನಲ್ಲಿ ಅಜ್ಜಿಗೊಂದು ಜಾಗ ಹಿಡಿದು ಕೂತಳು. ಮಕ್ಕಳ ಗಲಾಟೆಯ ನಡುವೆ ಗಿರಿಜವ್ವ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ನೋಡುತ್ತ ನಿಂತ ಮನೋಹರನನ್ನೂ ಅವಳು ಬಿಡಲಿಲ್ಲ.

"ಏನ್ ನೋಡ್ತಿಯೋ? ತಾಟು ತಗೊಂಡು ಕುಂದ್ರು. ಸಣ್ಣಾಂವ ಇದ್ದಾಗ ಊಟಕ್ಕ ಅಂತ ಮನಿಗೆ ಹೋಗಿ ಮರುದಿನಾನ ಶಾಲಿಗೆ ಬರಾಂವ ನೀ. ಈಗ ಹುಡುಗ್ರ ಊಟದ ಪಂಚಾಯ್ತಿ ಮಾಡಾಕ ಬಂದಿ."

ಸಮಿತಿಯವರೆಲ್ಲ ನಕ್ಕರು, ಮನೋಹರನೂ ನಕ್ಕ. ಅವನು ತಟ್ಟೆ ತಗೊಂಡು ಕೂತ ಮೇಲೆ ಮೀಟಿಂಗಿನಲ್ಲಿ ಶೌಚಾಲಯದ ಬಾಗಿಲಿನ ಮಾತು ಬಂತೇ ಹೊರತು ಸಾರಿನ ಮಾತು ಬರಲಿಲ್ಲ.

ಪಾತ್ರೆ ತೊಳೆದಿಟ್ಟು ಅತ್ತೆ ಸೊಸೆ ಇಬ್ಬರೂ ಮನೆಯ ಕಡೆ ಹೊರಟರು. ಬದುವಿನ ಮೇಲೆ ಗಿರಿಜವ್ವ ಮುಂದೆ, ದಾಕ್ಷಾಯಿಣಿ ಹಿಂದೆ.

"ದಾಕ್ಷಿ," ಎಂದಳು ಗಿರಿಜವ್ವ, ಹಿಂದೆ ತಿರುಗದೆ. "ನಿನ್ನ ಬೆರಳಾಗ ಉಪ್ಪು ಇದ್ದಿಲ್ಲ."

ದಾಕ್ಷಾಯಿಣಿ ನಿಂತುಬಿಟ್ಟಳು.

"ನಡಿ, ನಡಿ. ನಮ್ಮತ್ತಿಗೆ ನಾನೂ ಹಂಗ ಮಾಡ್ತಿದ್ನಿ. ಆಕಿ ಇನ್ನೊಂದ್ ಚೂರು ಹಾಕು ಅನ್ನಾಕಿ, ನಾ ಬರೇ ಬೆರಳು ತಿಕ್ಕಾಕಿ. ಕಡೀತನಕಾ ಆಕಿಗೆ ಗೊತ್ತಾಗಲಿಲ್ಲ." ಗಿರಿಜವ್ವ ಕಿಲಕಿಲ ನಗುತ್ತ ಸ್ವಲ್ಪ ದೂರ ನಡೆದಳು. ನಗು ನಿಧಾನವಾಗಿ ನಿಂತಿತು. ಬದು ಕಾಲುವೆಗೆ ಇಳಿಯುವಲ್ಲಿ ಅವಳೂ ನಿಂತು, ಹಿಂದಕ್ಕೆ ತಿರುಗಿ ಸೊಸೆಯ ಮುಖ ನೋಡಿದಳು.

"ಗೊತ್ತಾಗಿತ್ತೇನ ಮತ್ತ ಆಕಿಗೆ?"

ದಾಕ್ಷಾಯಿಣಿ ಮುಂದೆ ಬಂದು ಅತ್ತೆಯ ಕೈಹಿಡಿದು ಕಾಲುವೆ ದಾಟಿಸಿದಳು.