ತಿರುಗಿಸದ ಹಾಳೆ

ಅಕ್ಕನ ಬಲಗೈಯ ತೋರುಬೆರಳು ವರ್ಷಗಟ್ಟಲೆ ಶುಂಠಿ ತೊಳೆದು ತೊಳೆದು ತುದಿಯಲ್ಲಿ ಸೀಳುಬಿಟ್ಟಿತ್ತು. ಮಾತಾಡುವಾಗ ಅದು ಕಾಣದಂತೆ ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತಿದ್ದಳು.

ನನ್ನ ಒಡಹುಟ್ಟಿದವಳಲ್ಲ, ಕುಶಾಲನಗರದಲ್ಲಿ ನಮ್ಮ ಪಕ್ಕದ ಮನೆಯವಳು. ಚಿಕ್ಕಂದಿನಲ್ಲಿ ನಾನು ಜಗಲಿಯಲ್ಲಿ ಕೂತು ಪದ್ಯ ಉರು ಹೊಡೆಯುತ್ತಿದ್ದರೆ, ಪಾತ್ರೆ ತಿಕ್ಕುತ್ತಲೇ ತಿದ್ದುತ್ತಿದ್ದಳು. "ಒಂದು ಸಾಲು ನುಂಗಿದೆಯಲ್ಲೋ, ಮತ್ತೆ ಹೇಳು." ಒಮ್ಮೆ ಕಿವಿಗೆ ಬಿದ್ದರೆ ಅವಳಿಗೆ ಬಾಯಿಪಾಠ. ಪುಸ್ತಕ ಮುಂದಿಟ್ಟರೆ ಮಾತ್ರ ಒಂದಕ್ಷರ ಹತ್ತುತ್ತಿರಲಿಲ್ಲ. ಏಳು ವರ್ಷ ಶಾಲೆಗೆ ಹೋಗಿ ಏಟು ತಿಂದದ್ದೇ ಬಂತು. ಬೀದಿಯವರು ದಡ್ಡಿ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಗಂಡ ತೀರಿಕೊಂಡ ಮೇಲೆ ವಿಧವಾ ವೇತನ ಬರುತ್ತಿತ್ತು, ಸಾಲುತ್ತಿರಲಿಲ್ಲ. ಶುಂಠಿ ಕೆಲಸಕ್ಕೆ ಸೊಂಟ ಬಗ್ಗುತ್ತಿರಲಿಲ್ಲ. ಇಂಥವರಿಗೆ ಕೆಲಸ ಕೊಡಿಸುವ ಕಚೇರಿಯೊಂದರಲ್ಲಿ ನಾನಾಗ ಇದ್ದೆ. ಬಂದವರಿಂದ ಒಂದು ಹಾಳೆ ಓದಿಸುವುದು ನನ್ನ ಪಾಲಿನ ಕೆಲಸ. ಓದಲಾಗದವರನ್ನು ಮಡಿಕೇರಿಯಿಂದ ಬರುವ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಬೇಕು. ಕಲಿಕೆಯ ತೊಂದರೆ ಇದೆಯೆಂದು ಅವರು ಬರೆದುಕೊಟ್ಟರೆ, ಓದುಬರಹ ಬೇಡದ, ಬಾಯಲ್ಲೇ ಹೇಳಿಕೊಡುವ ಕೆಲಸ ಸಿಗುತ್ತಿತ್ತು. ಇದನ್ನು ಎಲ್ಲರಿಗೂ ಮೊದಲೇ ತಿಳಿಸುವುದೂ ನನ್ನದೇ ಜವಾಬ್ದಾರಿ. ಅಕ್ಕ ಬಂದ ದಿನ ಜನ ಹೆಚ್ಚಿದ್ದರು, ಯಾರಿಗೂ ತಿಳಿಸಲಿಲ್ಲ.

ಇದ್ದದ್ದು ಒಂದೇ ಹಾಳೆ, ಹಾರಂಗಿ ಅಣೆಕಟ್ಟಿನ ಬಗ್ಗೆ ಬರೆದದ್ದು. ಅಕ್ಕನ ಸರದಿ ಒಂಬತ್ತನೆಯದು. ಎಂಟು ಜನ ಓದಿದ್ದನ್ನು ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಿದ್ದಳು. ನನ್ನೆದುರು ಬಂದು, ಹಾಳೆಯ ಮೇಲೆ ಆ ಬೆರಳಿಟ್ಟು, ಎಲ್ಲೂ ತಡವರಿಸದೆ ಓದಿದಳು. ಹಿಂಬದಿಯಲ್ಲೂ ನಾಲ್ಕು ಸಾಲಿದ್ದವು. ಅವನ್ನೂ ಓದಿ ಮುಗಿಸಿದಳು, ಹಾಳೆ ತಿರುಗಿಸದೆಯೇ.

ನಾನದನ್ನು ನೋಡಿದೆ.

"ಸರಿಯಾಯ್ತೇನೋ ತಮ್ಮ?" ಎಂದಳು. ಹಣೆ ಬೆವೆತಿತ್ತು.

"ಸರಿಯಾಯ್ತಕ್ಕ" ಎಂದು, 'ಓದಲು ಬರುತ್ತದೆ' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಅಷ್ಟು ಜನರೆದುರು ಅವಳ ಮಾನ ಉಳಿಸಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಶುದ್ಧ ಸುಳ್ಳು. ಅವಳನ್ನು ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಲು ಇನ್ನೊಂದು ಉದ್ದದ ಫಾರಂ ತುಂಬಬೇಕಿತ್ತು, ನನಗೆ ಊಟದ ಹೊತ್ತಾಗಿತ್ತು.

ಮಸಾಲೆ ಪ್ಯಾಕ್ ಮಾಡುವ ಕಡೆ ಲೇಬಲ್ ಅಂಟಿಸುವ ಕೆಲಸ ಸಿಕ್ಕಿತು. ಮೂರನೆಯ ದಿನ ಧನಿಯಾ ಪುಡಿಗೆಲ್ಲ ಮೆಣಸಿನ ಪುಡಿಯ ಲೇಬಲ್ ಅಂಟಿಸಿದ್ದಳು. ಎಲ್ಲರೆದುರು ಬೈದು ಮನೆಗೆ ಕಳಿಸಿದರು. ವಿಷಯ ತಿಳಿದು ಸಂಜೆ ಹೋದೆ. ಚಹಾ ಕೊಟ್ಟು, ಬೆರಳು ಒತ್ತಿಕೊಳ್ಳುತ್ತಾ ಹೇಳಿದಳು: "ನಿನ್ನ ಹೆಸರು ಕೆಡಿಸಿಬಿಟ್ಟೆ ಕಣೋ. ನೀನು ಪಾಸು ಮಾಡಿದ್ದೆ, ನನಗೇ ಉಳಿಸಿಕೊಳ್ಳಕ್ಕೆ ಆಗಲಿಲ್ಲ."

'ಅಂದು ನಾನು ನೋಡಿದ್ದೆ ಅಕ್ಕ, ತಪ್ಪು ನನ್ನದು' ಎನ್ನಬೇಕಿತ್ತು. ಕಾಲ ಮಿಂಚಿರಲಿಲ್ಲ, ಆಗಲೂ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಬಹುದಿತ್ತು. ಆದರೆ ನನ್ನ ಸಹಿ ತಪ್ಪೆಂದು ಮೇಲಿನವರೆದುರು ಒಪ್ಪಿಕೊಳ್ಳಬೇಕಲ್ಲ! ಚಹಾ ಕುಡಿದು ಎದ್ದು ಬಂದೆ. ಮರುವಾರ ಅಕ್ಕ ಅದೇ ಸೊಂಟ ಹಿಡಿದುಕೊಂಡು ಶುಂಠಿ ತೊಳೆಯಲು ಹೋದಳು.

ಕಳೆದ ವರ್ಷ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು. ತಿಥಿಯ ದಿನ ಅವಳ ಮಗಳು ನನ್ನ ಎಲೆಗೆ ಅನ್ನ ಬಡಿಸುತ್ತಾ, "ಅಮ್ಮ ನಿಮ್ಮನ್ನ ತುಂಬಾ ನೆನೆಸ್ಕೊಳ್ತಿದ್ರು ಮಾಮ" ಎಂದಳು. "ನನ್ನ ಓದು ಕೇಳಿ ಸರಿ ಅಂದವನು ಅವನೊಬ್ಬನೇ ಅಂತ."

ಅಂದಿನ ಹಾಗೆಯೇ ಊಟದ ಹೊತ್ತು. ನನಗೆ ಎಲೆಯಿಂದ ತಲೆ ಎತ್ತಲಾಗಲಿಲ್ಲ.