ಮದುವೆ ಗೊತ್ತಾಗದ ಮನೆಯ ಹಸೆ

ಮೊಮ್ಮಗಳಿಗೆ ಬಂದ ಸಂಬಂಧಕ್ಕೆ ಕಲ್ಲು ಹಾಕಿದ್ದು ನಾನು. ಚಿತ್ತಾರ ಬರೆದ ಸೊಸೆಯಲ್ಲ, ಬರೆಯಲು ಹೇಳಿದ ಡ್ರಾಯಿಂಗ್ ಮಾಸ್ತರರೂ ಅಲ್ಲ. ಮನೆಯವರು ಇದನ್ನು ಬೇರೆ ಥರ ಹೇಳುತ್ತಾರೆ, ನನ್ನ ಮರ್ಯಾದೆ ಉಳಿಸಲಿಕ್ಕೆ. ಅದು ಬೇಡ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾವು ಸಿದ್ದಾಪುರದ ಪೇಟೆಗೆ ತಾಗಿದ ಕೇರಿಯಲ್ಲಿದ್ದೆವು. ಮಾಸ್ತರರು ಊರಿನ ನಾಲ್ಕು ಜನರನ್ನು ಸೇರಿಸಿಕೊಂಡು ಕಲಾ ನಡಿಗೆ ಎಂದು ಒಂದನ್ನು ಶುರು ಮಾಡಿದರು. ಭಾನುವಾರ ಜನ ಗುಂಪಾಗಿ ಕೇರಿಯಿಂದ ಕೇರಿಗೆ ನಡೆದು, ಕೈಕೆಲಸ ಬಲ್ಲವರ ಮನೆಬಾಗಿಲಿಗೇ ಹೋಗಿ ನೋಡುವುದು. ಬೆಂಡಿನಲ್ಲಿ ಬಾಸಿಂಗ ಮಾಡುವವನ ಮನೆ, ಮರ ಕೆತ್ತುವ ಅಣ್ಣತಮ್ಮಂದಿರ ಮನೆ, ಆಮೇಲೆ ನಮ್ಮದು. ಅವರೆಲ್ಲ ನಮಗೆ ಮೊದಲಿಂದ ಗೊತ್ತು. ಅವರನ್ನು ಕಲಾವಿದರು ಎನ್ನುತ್ತಾರೆ ಎಂಬುದು ಮಾತ್ರ ಹೊಸದು.

ನನ್ನ ಸೊಸೆ ಹಸೆ ಚಿತ್ತಾರ ಬರೆಯುತ್ತಾಳೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಮದುವೆ ಗೊತ್ತಾದ ಮನೆಯಲ್ಲಿ ಹಸೆ ಬರೆದು ಮದುಮಕ್ಕಳನ್ನು ಅದರ ಮುಂದೆ ಕೂರಿಸುವುದು ನಮ್ಮ ಪದ್ಧತಿ. ಮದುವೆಯಿಲ್ಲದೆ ಯಾರೂ ಬರೆಯುವುದಿಲ್ಲ. ಸೊಸೆ ಮಾಸ್ತರರಿಗೆ ಇದನ್ನೇ ಹೇಳಿದಳು. ಬೇಕಾದರೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೆ ಬರೆದು ತೋರಿಸುತ್ತೇನೆ, ಗೋಡೆಗೆ ಬೇಡ ಅಂದಳು.

"ಬುಟ್ಟಿ ನೋಡಕೆ ಯಾರು ಬರ್ತಾರೆ? ಗೋಡೆಗೇ ಬರೆ," ಎಂದೆ ನಾನು. ಪೇಪರಿನಲ್ಲಿ ಫೋಟೋ ಬರುತ್ತದೆ ಎಂದು ಮಾಸ್ತರರು ಅಂದದ್ದು ತಲೆಯಲ್ಲಿ ಕೂತಿತ್ತು.

ಅದಕ್ಕೆ ಹತ್ತು ದಿನ ಮೊದಲು ಯಲ್ಲಾಪುರದ ಕಡೆಯವರು ಮೊಮ್ಮಗಳನ್ನು ನೋಡಿ ಹೋಗಿದ್ದರು. ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎಂದಿದ್ದರು. ಎರಡು ಗಂಡು ಬೇಡವೆಂದ ಹುಡುಗಿ ಈ ಒಬ್ಬನಿಗೆ ಹೂಂ ಎಂದಿದ್ದಳು. ಶಿರಸಿಯವರೊಬ್ಬರು ತಮ್ಮ ಮಗನಿಗೆ ಅವಳನ್ನು ಕೇಳುತ್ತಿರುವುದು ಯಲ್ಲಾಪುರದವರಿಗೂ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಾನು ಗೋಡೆ ಬರೆಸಿದೆ.

ಭಾನುವಾರ ಅಂಗಳ ತುಂಬ ಜನ. ಇಪ್ಪತ್ತು ವರ್ಷ ನಮ್ಮ ಬಾಗಿಲ ಮುಂದೆ ಹಾದು ಹೋದವರೂ ಅಂದೇ ಮೊದಲ ಸಲ ಸೊಸೆಯ ಕೈಕೆಲಸ ನೋಡಿದರು. ಸ್ಕೇಲಿಲ್ಲದೆ ಇಷ್ಟು ನೇರ ಗೆರೆ ಹೇಗೆ ಎಂದು ಕೇಳಿದರು. ಸೊಸೆ ಬರೆಯುತ್ತಲೇ ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ಯಾರೂ ನನ್ನನ್ನು ಕೇಳಲಿಲ್ಲ. ಅದು ನನಗೆ ಸೇರಲಿಲ್ಲ. ಇದನ್ನು ಯಾವಾಗ ಬರೆಯುತ್ತಾರೆ ಎಂದು ಮಾಸ್ತರರು ಕೇಳಿದ್ದೇ ತಡ, ನಾನು ನಡುವೆ ಬಾಯಿ ಹಾಕಿದೆ.

"ಮದ್ವೆ ಗೊತ್ತಾದ ಮನೆಲಿ ಮಾತ್ರ. ಸುಮ್ಸುಮ್ನೆ ಬರೆಯದಲ್ಲ ಇದು."

ಹಾಗಾದರೆ ಮದುವೆ ಊಟ ಯಾವಾಗ ಅಜ್ಜಿ ಎಂದು ಒಬ್ಬ ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಹುರುಪು ಬಂತು.

"ಎಲೆ ಹಾಕ್ದಾಗ ಹೇಳಿ ಕಳಿಸ್ತೆ. ಹೊಟ್ಟೆ ಖಾಲಿ ಇಟ್ಕಂಡು ಬಾ."

ಜನ ನಕ್ಕರು. ನಗದೇ ಇದ್ದವಳು ಒಬ್ಬಳೇ, ಹಿಂದೆ ಬೇಲಿ ಹತ್ತಿರ ನಿಂತಿದ್ದಳು. ಯಲ್ಲಾಪುರದ ಹುಡುಗನ ಸೋದರತ್ತೆ. ಮಗಳ ಮನೆಗೆಂದು ಸಿದ್ದಾಪುರಕ್ಕೆ ಬಂದವಳು ಮಗಳ ಜೊತೆ ನಡಿಗೆಗೂ ಬಂದಿದ್ದಳು. ಹೆಣ್ಣು ನೋಡಲು ಬಂದವರಲ್ಲಿ ಅವಳೇ ಹಿರಿಯಳು.

ಮೊಮ್ಮಗಳು ಬಂದವರಿಗೆಲ್ಲ ಬೆಲ್ಲ ನೀರು ಕೊಡುತ್ತ ಸೋದರತ್ತೆಯ ಮುಂದೆಯೂ ತಟ್ಟೆ ಹಿಡಿದಳು. ಅವಳು ಮುಟ್ಟಲಿಲ್ಲ. ಗೋಡೆ ನೋಡಿದಳು, ನನ್ನನ್ನು ನೋಡಿದಳು.

"ಶಿರಸಿಯವರದ್ದು ಗಟ್ಟಿ ಆತು ಅಂದ್ರೆ ನಮಗೊಂದು ಮಾತು ಹೇಳ್ಬಹುದಿತ್ತು. ನಾವು ದಾರಿ ಕಾಯ್ತಾ ಕೂರ್ತಿರ್ಲಿಲ್ಲ."

ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಈಗಷ್ಟೇ ಅಷ್ಟು ಜನರೆದುರು ನಾನೇ ಆಡಿದ ಮಾತು. ಅದನ್ನು ಅದೇ ಜನರೆದುರು ಸುಳ್ಳೆನ್ನಲು ನಾಲಿಗೆ ಏಳಲಿಲ್ಲ. ಆಮೇಲೆ ಜನರನ್ನು ಸರಿಸಿಕೊಂಡು ರಸ್ತೆಗೆ ಬರುವಷ್ಟರಲ್ಲಿ ಅವಳು ತಿರುವು ದಾಟಿದ್ದಳು. ಮಗಳ ಮನೆ ಹುಡುಕಿ ಹೋದೆ. ಅತ್ತೆ ಬಸ್ಸಿಗೆ ಹೋದರು ಎಂದು ಅವಳ ಅಳಿಯ ಬಾಗಿಲಲ್ಲೇ ಹೇಳಿ ಕಳಿಸಿದ.

ಸಂಜೆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಕ್ಕದ ಮನೆಯಿಂದ ಫೋನು ಮಾಡೋಣ ಎಂದ ಮಗ. ಫೋನಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ, ಶಿರಸಿಯವರು ಕೈಕೊಟ್ಟ ಮೇಲೆ ನಮ್ಮ ಬಾಗಿಲಿಗೆ ಬಂದರು ಎನ್ನುತ್ತಾರೆ ಎಂದಳು ಸೊಸೆ. ಗೋಡೆ ಬಳಿದುಬಿಡಲೇ ಎಂದೂ ಕೇಳಿದಳು. ಬೇಡ ಎಂದೆ. ಬಳಿದರೆ ಮದುವೆ ಮುರಿಯಿತು ಎಂದು ಊರು ಆಡಿಕೊಳ್ಳುತ್ತದೆ. ಇದ್ದರೆ ಗೊತ್ತಾಗಿದೆ ಎನ್ನುತ್ತದೆ.  ಮೊಮ್ಮಗಳು ಅಳಲಿಲ್ಲ. ಲೋಟ ತೊಳೆದು ಬೋರಲು ಹಾಕುತ್ತ ಒಂದೇ ಮಾತು ಅಂದಳು.

"ನಿಂಗೆ ಗೊತ್ತಿತ್ತು ಅಲ್ದಾ ಅಜ್ಜಿ, ಹಸೆ ಎಂತಕ್ಕೆ ಬರೆಯದು ಅಂತ."

ಗೊತ್ತಿತ್ತು ಎಂದೆ. 

ಮಾರನೇ ದಿನ ಬೆಳಿಗ್ಗೆ ಯಾರನ್ನೂ ಕರೆಯದೆ ಮೊದಲ ಬಸ್ಸು ಹತ್ತಿದೆ. ಶಿರಸಿಯಲ್ಲಿ ಇಳಿದು ಯಲ್ಲಾಪುರದ ಬಸ್ಸು ಹಿಡಿದೆ. ಕೇಳಿ ಕೇಳಿ ಆ ಮನೆ ಮುಟ್ಟಿದಾಗ ಹುಡುಗನ ತಾಯಿ ಮತ್ತು ಆ ಸೋದರತ್ತೆ ಇಬ್ಬರೂ ಜಗಲಿಯಲ್ಲಿದ್ದರು. ಬನ್ನಿ ಎಂದು ಯಾರೂ ಹೇಳಲಿಲ್ಲ. ಅಂಗಳದಲ್ಲೇ ನಿಂತು ಹೇಳಿದೆ: "ಮದ್ವೆ ಎಲ್ಲೂ ಗೊತ್ತಾಗ್ಲಿಲ್ಲ. ಗೋಡೆ ಬರೆಸಿದ್ದು ನಾನು, ಪೇಪರಲ್ಲಿ ಬರ್ತದೆ ಅಂತ. ಸೊಸೆ ಬೇಡ ಅಂದಿದ್ಲು. ಹುಡುಗಿ ನಿಮ್ಮ ಮಾತಿಗೇ ಕಾಯ್ತಿದ್ದಾಳೆ."

ತಾಯಿ ಸೋದರತ್ತೆಯ ಮುಖ ನೋಡಿದಳು. ಸೋದರತ್ತೆ ಎದ್ದು ಜಗಲಿಯಲ್ಲಿ ಚಾಪೆ ಹಾಸಿದಳು. ಆಮೇಲೆ, ಬಿಸಿಲಲ್ಲಿ ನಿಲ್ಲಬೇಡಿ, ಮೇಲೆ ಬನ್ನಿ ಎಂದಳು. ಹುಡುಗಿಗೆ ಹೂಂ ಅಥವಾ ಉಹೂಂ ಹೇಳಿದ ಮೇಲೆ ಬರುತ್ತೇನೆ ಎಂದು ನಾನು ಅಲ್ಲೇ ನಿಂತೆ.